ಒಡೆಯರು ಬದಲಾದರು, ತಂಡ ಉಳಿಯಿತು

ಹತ್ತೊಂಬತ್ತನೇ ಶತಮಾನದ ಮೊದಲರ್ಧದ ರಷ್ಯಾದಲ್ಲಿ ನಟನನ್ನು ದುಡ್ಡು ಕೊಟ್ಟು ಕೊಳ್ಳಬಹುದಿತ್ತು. ಮಾಸ್ಕೋದ ಮಾಲಿ ಥಿಯೇಟರ್ ಇಂದಿಗೂ ಹಿರಿಯನೆಂದು ನೆನೆಯುವ ಮಿಖಾಯಿಲ್ ಶ್ಚೆಪ್ಕಿನ್ (1788–1863) ಕುರ್ಸ್ಕ್ ಸೀಮೆಯ ಜಮೀನ್ದಾರನೊಬ್ಬನ ಜೀತದಾಳಾಗಿ ಹುಟ್ಟಿದವನು. ಊರೂರಲ್ಲಿ ಹೆಸರು ಮಾಡಿ, ಜನ ಅವನನ್ನು ನೋಡಲೆಂದೇ ಟಿಕೆಟ್ ಕೊಳ್ಳುತ್ತಿದ್ದ ದಿನಗಳಲ್ಲೂ ಕಾನೂನಿನ ಪ್ರಕಾರ ಅವನು ಇನ್ನೊಬ್ಬನ ಸ್ವತ್ತು. ಕೊನೆಗೆ ಅಭಿಮಾನಿಗಳು ಚಂದಾ ಎತ್ತಿ ಬಿಡುಗಡೆಯ ಹಣ ಹೊಂದಿಸಿದರು. ಹಾಗೆ ಬಿಡಿಸಿಕೊಂಡು ಬಂದವನು ಮಾಸ್ಕೋದ ಸರ್ಕಾರಿ ತಂಡ ಸೇರಿ, ರಷ್ಯನ್ ಅಭಿನಯದ ದಾರಿಯನ್ನೇ ತಿರುಗಿಸಿದ.

ರಷ್ಯಾದ ನಾಟಕಶಾಲೆಗಳ ಇತಿಹಾಸವನ್ನು ಒಡೆಯರ ಇತಿಹಾಸವಾಗಿಯೂ ಓದಬಹುದು. ಮೊದಲು ಜಮೀನ್ದಾರ, ಆಮೇಲೆ ಚಕ್ರವರ್ತಿ, ನಡುವೆ ಕೆಲಕಾಲ ಗಿರಣಿ ಮಾಲೀಕ, ಆಮೇಲೆ ಪಕ್ಷ, ಈಗ ಸಂಸ್ಕೃತಿ ಇಲಾಖೆ. ಇಷ್ಟು ಕೈ ಬದಲಾದರೂ ಒಂದು ವ್ಯವಸ್ಥೆ ಅಳಿಯಲಿಲ್ಲ. ತಿಂಗಳ ಸಂಬಳ ಪಡೆದು, ಒಂದೇ ಸೂರಿನಡಿ ವರ್ಷಗಟ್ಟಲೆ ಜೊತೆಗಿದ್ದು, ಇವತ್ತೊಂದು ನಾಟಕ ನಾಳೆ ಇನ್ನೊಂದು ಎಂದು ಆಡುವ ಕಾಯಂ ತಂಡದ ವ್ಯವಸ್ಥೆ ಅದು. ಮೈಸೂರಿನ ರಂಗಾಯಣವನ್ನು ಕಂಡವರಿಗೆ ರೆಪರ್ಟರಿ ಎಂದರೆ ಏನೆಂದು ವಿವರಿಸಬೇಕಿಲ್ಲ. ರಷ್ಯಾದಲ್ಲಿ ದೊಡ್ಡ ನಗರಗಳಿಂದ ಹಿಡಿದು ಜಿಲ್ಲಾ ಕೇಂದ್ರಗಳವರೆಗೆ ನಾಟಕ ನಡೆಯುವುದೇ ಹೀಗೆ.

ಅರಮನೆಯ ಆಶ್ರಯ

ವೋಲ್ಗಾ ದಂಡೆಯ ಯಾರೊಸ್ಲಾವ್ಲ್ ಪಟ್ಟಣದಲ್ಲಿ ಫ್ಯೋದೊರ್ ವೋಲ್ಕೊವ್ ಎಂಬ ವರ್ತಕರ ಮನೆಯ ಹುಡುಗ ಗೆಳೆಯರನ್ನು ಕೂಡಿಸಿಕೊಂಡು ಉಗ್ರಾಣವೊಂದರಲ್ಲಿ ನಾಟಕವಾಡುತ್ತಿದ್ದ. ಸುದ್ದಿ ರಾಜಧಾನಿ ಮುಟ್ಟಿ, ಸಾಮ್ರಾಜ್ಞಿ ಎಲಿಜವೆತಾ ತಂಡವನ್ನು ಕರೆಸಿಕೊಂಡಳು. 1756ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಾಯಂ ರಷ್ಯನ್ ನಾಟಕಶಾಲೆ ಸ್ಥಾಪಿಸಲು ಆಕೆ ಹೊರಡಿಸಿದ ಆಜ್ಞೆಯೇ ಈ ಚರಿತ್ರೆಯ ಮೊದಲ ಕಾಗದ. ಅದೇ ಯಾರೊಸ್ಲಾವ್ಲ್‌ನಲ್ಲಿ ಹುಟ್ಟಿದ ಸಂಗೀತಗಾರ ಗೆರಾಸಿಮ್ ಲೆಬೆದೆವ್ 1795ರಲ್ಲಿ ಕಲ್ಕತ್ತೆಯಲ್ಲಿ ಬಂಗಾಳಿ ನಟನಟಿಯರನ್ನು ಕಟ್ಟಿಕೊಂಡು ಬಂಗಾಳಿಯಲ್ಲೇ ನಾಟಕವಾಡಿಸಿದ. ನಮ್ಮ ದೇಶದ ಆಧುನಿಕ ರಂಗಭೂಮಿಯ ಕಥೆಯ ಮೊದಲ ಪುಟಗಳಲ್ಲೇ ಒಬ್ಬ ರಷ್ಯನ್ನನ ಹೆಸರಿರುವುದು ಹೀಗೆ.

ಮಾಸ್ಕೋದಲ್ಲಿ 1824ರಲ್ಲಿ ಮಾಲಿ ಥಿಯೇಟರಿನ ಕಟ್ಟಡ ತೆರೆಯಿತು. 1832ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ವಾಸ್ತುಶಿಲ್ಪಿ ಕಾರ್ಲೊ ರೊಸ್ಸಿ ಕಟ್ಟಿದ ಅಲೆಕ್ಸಾಂದ್ರಿನ್‌ಸ್ಕಿ ಬಂತು. ಎರಡೂ ಚಕ್ರವರ್ತಿಯ ಖಜಾನೆಯಿಂದ ನಡೆಯುವ ಸಂಸ್ಥೆಗಳು. ಈ ಎರಡೂ ನಗರಗಳಲ್ಲಿ ಖಾಸಗಿಯವರು ನಾಟಕಶಾಲೆ ನಡೆಸದಂತೆ ಇದ್ದ ಸರ್ಕಾರಿ ಏಕಸ್ವಾಮ್ಯ ಹೋದದ್ದು 1882ರಲ್ಲಿ. ಚಕ್ರವರ್ತಿಯ ಕಣ್ಣು ಎಲ್ಲದರ ಮೇಲಿದ್ದರೂ ಗೊಗೋಲನ ‘ಇನ್ಸ್‌ಪೆಕ್ಟರ್ ಜನರಲ್’ 1836ರಲ್ಲಿ ರಂಗಕ್ಕೆ ಬಂದದ್ದೂ ಚಕ್ರವರ್ತಿಯ ಒಪ್ಪಿಗೆಯಿಂದಲೇ. ಲಂಚಕೋರ ಅಧಿಕಾರಿಗಳ ಮಾನ ಕಳೆಯುವ ಆ ಪ್ರಹಸನದ ಮೊದಲ ಪ್ರದರ್ಶನಕ್ಕೆ ಒಂದನೇ ನಿಕೊಲಾಯ್ ತಾನೇ ಬಂದು ಕೂತಿದ್ದ. ಅದೇ ವರ್ಷ ಮಾಸ್ಕೋದಲ್ಲಿ ಮೇಯರನ ಪಾತ್ರ ಹಾಕಿದವನು ಶ್ಚೆಪ್ಕಿನ್.

ಶ್ಚೆಪ್ಕಿನ್ ಹೊಸದಾಗಿ ತಂದದ್ದು ಏನು? ಆಗಿನ ನಟರು ಮಾತನ್ನು ರಾಗವಾಗಿ ಎಳೆದು, ಪ್ರತಿ ಪದಕ್ಕೂ ಕೈ ಎತ್ತಿ ಆಡುತ್ತಿದ್ದರು. 1810ರಲ್ಲಿ ಒಬ್ಬ ಶ್ರೀಮಂತರ ಮನೆಯ ನಾಟಕದಲ್ಲಿ ಕುಲೀನ ಮನೆತನದ ಮೆಶ್ಚೆರ್‌ಸ್ಕಿ ಎಂಬ ಹವ್ಯಾಸಿ ಜಿಪುಣನ ಪಾತ್ರ ಮಾಡಿದ್ದನ್ನು ಶ್ಚೆಪ್ಕಿನ್ ನೋಡಿದ. ಇವನಿಗೆ ನಟನೆಯೇ ಬರುವುದಿಲ್ಲವಲ್ಲ, ಸುಮ್ಮನೆ ಮಾತಾಡುತ್ತಾನೆ ಎಂದು ಮೊದಲು ಅನ್ನಿಸಿತಂತೆ. ನಾಟಕ ಮುಂದುವರಿದಂತೆ ಜಿಪುಣನ ಸಂಕಟ ತನಗೇ ತಟ್ಟತೊಡಗಿತು. ಮನೆಗೆ ಹೋಗಿ ಅದೇ ಪಾತ್ರವನ್ನು ತಾನೂ ಆಡಿ ನೋಡಿದರೆ ಸಹಜವಾಗಿ ಮಾತಾಡಲು ನಾಲಿಗೆ ಹೊರಳಲೇ ಇಲ್ಲ. ಸರಳವಾಗಿರಲು ಎಷ್ಟು ದುಡಿಯಬೇಕು ಎಂಬ ಈ ಅರಿವೇ ಅವನಿಂದ ಶಿಷ್ಯರಿಗೆ ಇಳಿದು ಬಂದ ಆಸ್ತಿ. ಅವನು ತೀರಿಕೊಂಡದ್ದು 1863ರಲ್ಲಿ. ಅದೇ ವರ್ಷ ಮಾಸ್ಕೋದಲ್ಲಿ ಚಿನ್ನ–ಬೆಳ್ಳಿಯ ಜರಿ ನೂಲು ತಯಾರಿಸುವ ಅಲೆಕ್ಸೆಯೆವ್ ಮನೆತನದಲ್ಲಿ ಒಂದು ಗಂಡುಮಗು ಹುಟ್ಟಿತು. ಮುಂದೆ ಅದು ಸ್ತಾನಿಸ್ಲಾವ್‌ಸ್ಕಿ ಎಂಬ ರಂಗನಾಮ ಇಟ್ಟುಕೊಂಡಿತು.

ಹೋಟೆಲಿನಲ್ಲಿ ಕೂತು ಕಟ್ಟಿದ ಸಂಸ್ಥೆ

1897ರ ಜೂನ್‌ನಲ್ಲಿ ಮಾಸ್ಕೋದ ಸ್ಲಾವ್ಯಾನ್‌ಸ್ಕಿ ಬಜಾರ್ ಎಂಬ ಹೋಟೆಲಿನಲ್ಲಿ ಸ್ತಾನಿಸ್ಲಾವ್‌ಸ್ಕಿ ಮತ್ತು ನಾಟಕಕಾರ, ನಟನಾ ಶಿಕ್ಷಕ ನೆಮಿರೊವಿಚ್–ದಾನ್ಚೆಂಕೊ ಮಧ್ಯಾಹ್ನ 2 ಗಂಟೆಗೆ ಊಟಕ್ಕೆ ಕೂತರು. ಮಾತು ಮುಗಿದದ್ದು ಮರುದಿನ ಬೆಳಗ್ಗೆ 8ಕ್ಕೆ, ಸ್ತಾನಿಸ್ಲಾವ್‌ಸ್ಕಿಯ ಹಳ್ಳಿಮನೆಯಲ್ಲಿ. ನಾಟಕದ ಆಯ್ಕೆಯಲ್ಲಿ ನೆಮಿರೊವಿಚ್ ಹೇಳಿದ್ದೇ ಕೊನೆಯ ಮಾತು, ರಂಗದ ಮೇಲಿನ ಕಲೆಯಲ್ಲಿ ಸ್ತಾನಿಸ್ಲಾವ್‌ಸ್ಕಿಯದು. ಇವತ್ತು ನಾಯಕನಾದವನು ನಾಳೆ ಗುಂಪಿನಲ್ಲಿ ನಿಲ್ಲಲು ಸಿದ್ಧನಿರಬೇಕು. ಪರದೆಯ ಹಿಂದೆ ನಟರು ಕೂರುವ ಕೋಣೆಗಳು ಚೊಕ್ಕಟವಾಗಿರಬೇಕು. ಇಂಥ ಸಣ್ಣ ದೊಡ್ಡ ನಿಯಮಗಳ ಮೇಲೆ ಮಾಸ್ಕೋ ಆರ್ಟ್ ಥಿಯೇಟರ್ ನಿಂತಿತು. 1898ರ ಬೇಸಿಗೆಯಲ್ಲಿ ಪುಷ್ಕಿನೊ ಎಂಬಲ್ಲಿ ಕೊಟ್ಟಿಗೆಯಂಥ ಕಟ್ಟಡದಲ್ಲಿ ತಾಲೀಮು. ಹಣ ಹಾಕಿದವರಲ್ಲಿ ಮುಖ್ಯನಾದವನು ಬಟ್ಟೆ ಗಿರಣಿಗಳ ಸಾವ್ವಾ ಮೊರೊಜೊವ್.

ಆ ಚಳಿಗಾಲದಲ್ಲೇ ಚೆಕಾಫನ ‘ಸೀಗಲ್’ ರಂಗಕ್ಕೆ ತಂದರು. ಎರಡು ವರ್ಷ ಹಿಂದೆ, 1896ರಲ್ಲಿ, ಅಲೆಕ್ಸಾಂದ್ರಿನ್‌ಸ್ಕಿಯಲ್ಲಿ ಅದೇ ನಾಟಕ ನಗೆಪಾಟಲಾಗಿತ್ತು. ಇನ್ನು ನಾಟಕ ಬರೆಯುವುದೇ ಬೇಡ ಎಂಬಷ್ಟು ಚೆಕಾಫ್ ನೊಂದಿದ್ದ. ಕ್ಷಯದ ದೆಸೆಯಿಂದ ಯಾಲ್ಟಾದಲ್ಲಿದ್ದ ಅವನಿಗೆ ಇನ್ನೊಂದು ಸೋಲು ಬೇಡವೆಂದು ನಟರೆಲ್ಲ ಹೆದರಿದ್ದರು. ಡಿಸೆಂಬರ್ 17ರ ಆ ರಾತ್ರಿ ರಂಗದಲ್ಲಿ ಎಲ್ಲೆಲ್ಲೂ ನರ ಶಾಂತಿಗೆಂದು ಕುಡಿದ ವಲೇರಿಯನ್ ಹನಿಗಳ ವಾಸನೆಯಿತ್ತು ಎಂದು ಸ್ತಾನಿಸ್ಲಾವ್‌ಸ್ಕಿ ಬರೆದಿದ್ದಾನೆ. ಮೊದಲ ಅಂಕದಲ್ಲಿ ಪಾತ್ರಗಳು ರಂಗದ ಅಂಚಿನ ಬೆಂಚಿನ ಮೇಲೆ ಪ್ರೇಕ್ಷಕರಿಗೆ ಬೆನ್ನು ಹಾಕಿ ಸಾಲಾಗಿ ಕೂತಿದ್ದವು. ಆ ಕಾಲಕ್ಕೆ ಇದು ಧೈರ್ಯದ ಕೆಲಸ. ಅಂಕದ ಪರದೆ ಬಿತ್ತು. ಸಭಾಂಗಣದಲ್ಲಿ ಸದ್ದಿಲ್ಲ. ಕೆಟ್ಟೆವು ಎಂದುಕೊಂಡು ನಟಿ ಓಲ್ಗಾ ಕ್ನಿಪ್ಪರ್ ಅಳು ತಡೆಯುತ್ತಿದ್ದಳು. ಆಮೇಲೆ ಚಪ್ಪಾಳೆ ಸಿಡಿದಾಗ ನಟರಿಗೆ ತಲೆಬಾಗುವುದೂ ಮರೆತುಹೋಗಿತ್ತು. ಅದೇ ರಾತ್ರಿ ಯಾಲ್ಟಾಕ್ಕೆ ತಂತಿ ಹೋಯಿತು.

ಅಲೆಕ್ಸಾಂದ್ರಿನ್‌ಸ್ಕಿಯಲ್ಲಿ ಒಳ್ಳೆಯ ನಟರಿಗೇನು ಕೊರತೆಯಿರಲಿಲ್ಲ. ನೀನಾ ಪಾತ್ರಕ್ಕೆ ಕೊಮಿಸ್ಸಾರ್ಜೆವ್‌ಸ್ಕಾಯಾಳಂಥ ಪ್ರತಿಭೆಯೇ ಇತ್ತು. ಆದರೆ ಚೆಕಾಫನ ನಾಟಕದಲ್ಲಿ ಮುಖ್ಯ ಸಂಗತಿ ನಡೆಯುವುದು ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ನಡುವೆ. ಕೆಲವೇ ದಿನದ ತಾಲೀಮಿನಲ್ಲಿ ತಂತಮ್ಮ ಪಾತ್ರವನ್ನಷ್ಟೇ ಕಲಿತು ಬಂದ ನಟರಿಗೆ ಅದು ದಕ್ಕುವುದಿಲ್ಲ. ಒಂದು ಬೇಸಿಗೆ ಪೂರ್ತಿ ಜೊತೆಗಿದ್ದು, ಒಟ್ಟಿಗೆ ಉಂಡು ಜಗಳವಾಡಿದ ತಂಡಕ್ಕೆ ದಕ್ಕಿತು. ಹಾಗೆಂದು ಚೆಕಾಫ್ ಪೂರ್ತಿ ಒಪ್ಪಿರಲಿಲ್ಲ. ಕಪ್ಪೆ ವಟಗುಟ್ಟುವ, ನಾಯಿ ಬೊಗಳುವ ಸದ್ದುಗಳನ್ನೆಲ್ಲ ಸ್ತಾನಿಸ್ಲಾವ್‌ಸ್ಕಿ ಸೇರಿಸುತ್ತಾನೆಂದು ತಾಲೀಮಿನಲ್ಲೇ ತಕರಾರು ತೆಗೆದಿದ್ದ. ಆದರೂ ‘ಅಂಕಲ್ ವಾನ್ಯಾ’, ‘ತ್ರೀ ಸಿಸ್ಟರ್ಸ್’, ‘ಚೆರಿ ಆರ್ಚರ್ಡ್’ ಮೂರನ್ನೂ ಇದೇ ತಂಡ ಆಡಿತು. ಕ್ನಿಪ್ಪರ್ 1901ರಲ್ಲಿ ಚೆಕಾಫನನ್ನು ಮದುವೆಯಾದಳು. 1902ರಲ್ಲಿ ಫ್ಯೋದೊರ್ ಶೆಖ್ತೆಲ್ ರೂಪಿಸಿದ ಹೊಸ ಮಂದಿರದ ಪರದೆಯ ಮೇಲೆ ಕಡಲಹಕ್ಕಿ ಬಂದು ಕೂತಿತು. ಅದೇ ಇವತ್ತಿಗೂ ಸಂಸ್ಥೆಯ ಲಾಂಛನ.

ಗುರುವಿನ ಮೇಲೆ ಮುನಿದ ಶಿಷ್ಯರು

‘ಸೀಗಲ್’ನಲ್ಲಿ ಯುವ ಲೇಖಕ ತ್ರೆಪ್ಲೆವ್‌ನ ಪಾತ್ರ ಮಾಡಿದವನು ವ್ಸೆವೊಲೊದ್ ಮೆಯರ್‌ಹೋಲ್ಡ್. 1902ರಲ್ಲಿ ಮೊರೊಜೊವ್ ಸಂಸ್ಥೆಯನ್ನು ಪಾಲುದಾರಿಕೆಯಾಗಿ ಬದಲಿಸಿದಾಗ ಅವನಿಗೆ ಪಾಲು ಸಿಗಲಿಲ್ಲ. ಅವನು ಹೊರಬಿದ್ದ. ರಂಗವನ್ನು ಮನೆಯ ಹಜಾರದಂತೆ ತೋರಿಸುವುದಕ್ಕೇ ಅವನ ವಿರೋಧ. ನಟನ ದೇಹವನ್ನು ಯಂತ್ರದಷ್ಟು ನಿಖರವಾಗಿ ಪಳಗಿಸುವ ಬಯೋಮೆಕಾನಿಕ್ಸ್ ಕಸರತ್ತುಗಳನ್ನು ಕಟ್ಟಿದ. 1922ರ ‘ಮ್ಯಾಗ್ನಾನಿಮಸ್ ಕಕೋಲ್ಡ್’ನಲ್ಲಿ ಪರದೆ, ಗೋಡೆ ಎಲ್ಲ ಕಿತ್ತುಹಾಕಿ ಏಣಿ, ಜಾರುಹಲಗೆ, ತಿರುಗುವ ಚಕ್ರಗಳ ಮೇಲೆ ನಟರನ್ನು ಓಡಾಡಿಸಿದ.

ಅದೇ ವರ್ಷ ಇನ್ನೊಬ್ಬ ಶಿಷ್ಯ ಯೆವ್ಗೆನಿ ವಖ್ತಾಂಗೊವ್ ‘ಪ್ರಿನ್ಸೆಸ್ ತುರಾಂದೊತ್’ ಆಡಿಸಿದ. ನಟರು ಕೋಟು, ಗೌನುಗಳಲ್ಲೇ ರಂಗಕ್ಕೆ ಬಂದು, ಪ್ರೇಕ್ಷಕರ ಕಣ್ಣೆದುರೇ ಟವೆಲ್ಲನ್ನು ಗಡ್ಡವಾಗಿ ಕಟ್ಟಿಕೊಂಡು ಚೀನಾದ ರಾಜಮಂತ್ರಿಗಳಾದರು. ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದ ನಿರ್ದೇಶಕನಿಗೆ ಪ್ರದರ್ಶನ ನೋಡಲಾಗಲಿಲ್ಲ. ಮೇ ತಿಂಗಳಲ್ಲಿ ತೀರಿಕೊಂಡ.

ನಮಗೆ ಹತ್ತಿರವಾದವನು ಅಲೆಕ್ಸಾಂದರ್ ತೈರೊವ್. 1914ರ ಡಿಸೆಂಬರ್‌ನಲ್ಲಿ, ಮಹಾಯುದ್ಧದ ನಡುವೆ, ಅವನು ಮಾಸ್ಕೋದಲ್ಲಿ ಕಾಮೆರ್ನಿ ಥಿಯೇಟರ್ ತೆರೆದಾಗ ಆರಿಸಿಕೊಂಡದ್ದು ಕಾಳಿದಾಸನ ‘ಶಾಕುಂತಲ’ವನ್ನು, ಕವಿ ಬಾಲ್ಮೊಂತ್‌ನ ಅನುವಾದದಲ್ಲಿ. ಆರ್ಟ್ ಥಿಯೇಟರ್ ಬಿಟ್ಟುಬಂದಿದ್ದ ಅಲಿಸಾ ಕೋನೆನ್ ಶಕುಂತಲೆ. ನಿತ್ಯದ ಬದುಕಿನ ನಕಲಿನಿಂದ ಬಿಡಿಸಿಕೊಳ್ಳಲು ಹವಣಿಸುತ್ತಿದ್ದ ನಿರ್ದೇಶಕನಿಗೆ ಮಾತು, ನಡೆ, ಗೀತ ಒಂದರಲ್ಲೊಂದು ಬೆರೆತ ಸಂಸ್ಕೃತ ನಾಟಕ ಒದಗಿಬಂತು.

ಗುರು ಸ್ತಾನಿಸ್ಲಾವ್‌ಸ್ಕಿಯೂ ನಿಂತಲ್ಲೇ ನಿಂತಿರಲಿಲ್ಲ. 1922ರಿಂದ 24ರವರೆಗೆ ತಂಡ ಯುರೋಪು, ಅಮೆರಿಕ ಸುತ್ತಿತು. ಅಮೆರಿಕದಲ್ಲಿ ಉಳಿದು ಕಲಿಸಿದ ಶಿಷ್ಯರಿಂದ ಅವನ ಪದ್ಧತಿ ಲೀ ಸ್ಟ್ರಾಸ್‌ಬರ್ಗ್, ಸ್ಟೆಲ್ಲಾ ಆಡ್ಲರ್‌ರಿಗೆ ದಾಟಿ, ಹಾಲಿವುಡ್ ನಟರ ‘ಮೆಥಡ್’ ಆಯಿತು. ಅಷ್ಟರಲ್ಲಿ ಊರಿನಲ್ಲಿ ಅವನು ಮೊದಲಿನ ಪಾಠವನ್ನೇ ತಿದ್ದುತ್ತಿದ್ದ. ಭಾವನೆಯನ್ನು ನೆನಪಿನಿಂದ ಹಿಂಡುವುದಕ್ಕಿಂತ ಸಣ್ಣ ಸಣ್ಣ ಕ್ರಿಯೆಗಳಿಂದ ಶುರುಮಾಡಿ, ಭಾವನೆ ತಾನಾಗಿ ಬರುತ್ತದೆ ಎನ್ನುತ್ತಿದ್ದ.

ಸಂಬಳ ಕೊಟ್ಟ ಕೈ

ಕ್ರಾಂತಿಯ ನಂತರ ರಂಗಮಂದಿರಗಳು ಸರ್ಕಾರದ ವಶವಾದವು. ಸಂಬಳ, ಬಿರುದು, ವಸತಿ ಎಲ್ಲ ಬಂತು. ಜೊತೆಗೇ ಏನು ಆಡಬೇಕೆಂಬ ಅಪ್ಪಣೆಯೂ ಬಂತು. 1938ರ ಜನವರಿಯಲ್ಲಿ ಮೆಯರ್‌ಹೋಲ್ಡ್‌ನ ಥಿಯೇಟರ್ ಮುಚ್ಚಿಸಿದರು. ಎಲ್ಲರೂ ದೂರ ಸರಿದಾಗ ತನ್ನ ಸಂಗೀತ ನಾಟಕದ ತಂಡದಲ್ಲಿ ಅವನಿಗೆ ಕೆಲಸ ಕೊಟ್ಟವನು, ಜೀವನವಿಡೀ ಅವನಿಂದ ಟೀಕೆ ಕೇಳಿದ್ದ ಸ್ತಾನಿಸ್ಲಾವ್‌ಸ್ಕಿ. ಆಗಸ್ಟಿನಲ್ಲಿ ಗುರು ತೀರಿಕೊಂಡ. ಮರುವರ್ಷ ಮೆಯರ್‌ಹೋಲ್ಡ್‌ನ ಬಂಧನವಾಯಿತು. 1940ರ ಫೆಬ್ರುವರಿ 2ರಂದು ಗುಂಡಿಕ್ಕಿ ಕೊಂದರು. ಅವನು ನಿರಪರಾಧಿ ಎಂದು ಸರ್ಕಾರ ಒಪ್ಪಿದ್ದು 1955ರಲ್ಲಿ. ತೈರೊವ್‌ನ ಕಾಮೆರ್ನಿಯೂ ಸ್ತಾಲಿನ್ ಕಾಲ ಮುಗಿಯುವ ಮೊದಲೇ ಇಲ್ಲವಾಯಿತು.

ಸ್ತಾಲಿನ್ ನಂತರ ಬಿಗಿ ಸಡಿಲವಾದಾಗ ಮತ್ತೆ ತಂಡಗಳೇ ಮೊದಲು ತಲೆ ಎತ್ತಿದವು. 1956ರಲ್ಲಿ ಮಾಸ್ಕೋದಲ್ಲಿ ಓಲೆಗ್ ಯೆಫ್ರೆಮೊವ್ ಯುವನಟರೊಡನೆ ‘ಸೊವ್ರೆಮೆನ್ನಿಕ್’ ಕಟ್ಟಿದ. ಅದೇ ವರ್ಷ ಲೆನಿನ್‌ಗ್ರಾಡ್‌ನ ಬೊಲ್ಶೊಯ್ ಡ್ರಾಮಾ ಥಿಯೇಟರ್ ನಿರ್ದೇಶಕ ತೊವ್‌ಸ್ತೊನೊಗೊವ್‌ನ ಕೈಗೆ ಬಂತು. 1989ರಲ್ಲಿ ಸಾಯುವವರೆಗೂ ಅವನೇ ನಡೆಸಿದ. 1964ರಲ್ಲಿ ಯೂರಿ ಲ್ಯುಬಿಮೊವ್ ಮಾಸ್ಕೋದ ತಗಾಂಕಾ ಥಿಯೇಟರಿನಲ್ಲಿ ಬ್ರೆಕ್ಟ್‌ನ ನಾಟಕದೊಂದಿಗೆ ಆರಂಭಿಸಿದ. 1971ರ ಅವನ ‘ಹ್ಯಾಮ್ಲೆಟ್’ನಲ್ಲಿ ವಿನ್ಯಾಸಕ ಬೊರೊವ್‌ಸ್ಕಿ ಮಾಡಿದ ಉಣ್ಣೆಯ ದೊಡ್ಡ ಪರದೆಯೇ ಒಂದು ಪಾತ್ರ. ರಂಗದುದ್ದಕ್ಕೂ ಸರಿದು, ನಟರನ್ನು ಒರೆಸಿಕೊಂಡು ಹೋಗುತ್ತಿತ್ತು. ಹಿಂಬದಿ ಗೋಡೆಗೆ ಒರಗಿ ಗಿಟಾರ್ ಹಿಡಿದು ಕೂತ ಹ್ಯಾಮ್ಲೆಟ್, ಗಾಯಕ–ಕವಿ ವ್ಲಾದಿಮಿರ್ ವಿಸೋತ್ಸ್ಕಿ. 1980ರಲ್ಲಿ ಒಲಿಂಪಿಕ್ಸ್ ನಡುವೆ ಅವನು ತೀರಿಕೊಂಡಾಗ ಪತ್ರಿಕೆಗಳು ಹೆಚ್ಚೇನೂ ಬರೆಯಲಿಲ್ಲ. ಆದರೂ ತಗಾಂಕಾ ಚೌಕದ ತುಂಬ ಜನ. ನಾಲ್ಕು ವರ್ಷದ ಬಳಿಕ, ವಿದೇಶದಲ್ಲಿದ್ದ ಲ್ಯುಬಿಮೊವ್‌ನ ಪೌರತ್ವ ಕಿತ್ತುಕೊಂಡರು. ಗೊರ್ಬಚೆವ್ ಕಾಲದಲ್ಲಿ ಮರಳಿದ.

ಕಾಯಂ ತಂಡವೂ ಸ್ವರ್ಗವಲ್ಲ. ಪಾತ್ರವಿಲ್ಲದೆ ಸಂಬಳ ಎಣಿಸುವವರು, ಬಣಗಳು, ಮುನಿಸುಗಳು ಎಲ್ಲವೂ ಅಲ್ಲಿವೆ. 1987ರಲ್ಲಿ ಆರ್ಟ್ ಥಿಯೇಟರೇ ಎರಡು ಹೋಳಾಯಿತು. ಯೆಫ್ರೆಮೊವ್‌ನದು ಚೆಕಾಫ್ ಹೆಸರಿನದು, ನಟಿ ತತ್ಯಾನಾ ದೊರೊನಿನಾಳದು ಗಾರ್ಕಿ ಹೆಸರಿನದು. ಎರಡೂ ಈಗಲೂ ನಡೆಯುತ್ತಿವೆ.

ಏನು ಆಡಬೇಕೆಂದು ಹೇಳುವವರು ಯಾರು ಎಂಬ ಹಳೆಯ ಪ್ರಶ್ನೆಯೂ ಜೀವಂತವಾಗಿದೆ. ಉಗ್ರರ ಬಲೆಗೆ ಬೀಳುವ ಹೆಣ್ಣುಮಕ್ಕಳ ಕುರಿತ ನಾಟಕವೊಂದಕ್ಕೆ 2022ರಲ್ಲಿ ದೇಶದ ದೊಡ್ಡ ರಂಗಪ್ರಶಸ್ತಿ ಗೋಲ್ಡನ್ ಮಾಸ್ಕ್ ಬಂದಿತ್ತು. ಅದೇ ನಾಟಕ ಭಯೋತ್ಪಾದನೆಯನ್ನು ಸಮರ್ಥಿಸುತ್ತದೆಂದು ನಿರ್ದೇಶಕಿ ಜೆನ್ಯಾ ಬೆರ್ಕೊವಿಚ್, ನಾಟಕಕಾರ್ತಿ ಸ್ವೆತ್ಲಾನಾ ಪೆತ್ರಿಯ್ಚುಕ್ ಅವರಿಗೆ 2024ರ ಜುಲೈನಲ್ಲಿ ಕೋರ್ಟು ತಲಾ ಆರು ವರ್ಷ ಸೆರೆವಾಸ ವಿಧಿಸಿತು. ನಟನಿಗೆ ತಿಂಗಳ ಕೊನೆಯ ಚಿಂತೆಯಿಲ್ಲದೆ ತಿಂಗಳುಗಟ್ಟಲೆ ತಾಲೀಮು ಮಾಡುವ ಭಾಗ್ಯವನ್ನು ರಷ್ಯಾ ಕೊಟ್ಟಷ್ಟು ಧಾರಾಳವಾಗಿ ಕೆಲವೇ ದೇಶಗಳು ಕೊಟ್ಟಿವೆ. ಜಗತ್ತು ಇಂದು ನಟನೆಯೆಂದು ಕಲಿಯುವುದರಲ್ಲಿ ದೊಡ್ಡ ಪಾಲು ಆ ಬಿಡುವಿನಲ್ಲೇ ಹುಟ್ಟಿದ್ದು. ಆದರೆ ಆ ಸಂಬಳ ಬರುವುದೂ ಸೆರೆಮನೆಯ ಬಾಗಿಲು ಕಾಯುವವನಿಗೆ ಸಂಬಳ ಕೊಡುವ ಖಜಾನೆಯಿಂದಲೇ ಎಂಬುದನ್ನು ಅಲ್ಲಿನ ಪ್ರತಿ ತಲೆಮಾರಿನ ನಟರೂ ಹೊಸದಾಗಿ ಕಲಿಯಬೇಕಾಗಿದೆ.