ಅಟ್ಟ ತುಂಬಿದ ಮೇಲೆ ಮಳೆ

ವಿಪತ್ತಿಗೆ ಮೊದಲೇ ಸಜ್ಜಾಗಿರಬೇಕು ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಟಾರ್ಚು, ಹಗ್ಗ, ಚಾಕು, ಸೀಟಿ, ಪ್ರಥಮ ಚಿಕಿತ್ಸೆಯ ಡಬ್ಬಿ, ಒಣ ಆಹಾರದ ಪೊಟ್ಟಣ ಇವನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಮಾರುವವರೂ ಇದ್ದಾರೆ. ಇದು ಹೊರನಾಡಿನಿಂದ ಬಂದ ಹೊಸ ವಿದ್ಯೆ ಎಂದು ಅನೇಕರು ತಿಳಿದಂತಿದೆ. ಆದರೆ ಮಳೆಗಾಲವಿಡೀ ಹೊರಜಗತ್ತಿನ ನಂಟು ಕಡಿದುಕೊಂಡು ಬದುಕುತ್ತಿದ್ದ ಮಲೆನಾಡಿಗೆ ಈ ವಿದ್ಯೆ ಹೊಸದೇನಲ್ಲ. ಅಲ್ಲಿ ಬೇರೆ ಚೀಲ ಬೇಕಿರಲಿಲ್ಲ. ಮನೆಯೇ ಅಂಥ ಚೀಲವಾಗಿತ್ತು.

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆಯಾದರೆ ಆಗುಂಬೆಯ ವಾಡಿಕೆ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಡಾಂಬರು ರಸ್ತೆ, ಸೇತುವೆಗಳು ಇಲ್ಲದ ಕಾಲದಲ್ಲಿ ಹಳ್ಳ ಏರಿತೆಂದರೆ ಸಂತೆಯಿಲ್ಲ, ವೈದ್ಯರಿಲ್ಲ, ನೆಂಟರಿಲ್ಲ. ಒಂಟಿಮನೆಗಳ ಆ ಸೀಮೆಯಲ್ಲಿ ಪಕ್ಕದ ಮನೆಗೆ ಹೋಗಬೇಕಾದರೂ ಒಂದು ಗುಡ್ಡ ಇಳಿದು ಇನ್ನೊಂದನ್ನು ಹತ್ತಬೇಕು. ಹೀಗಾಗಿ ಮಳೆಗಾಲದ ಸಿದ್ಧತೆ ಬೇಸಿಗೆಯ ಮುಖ್ಯ ಉದ್ಯೋಗವಾಗಿತ್ತು.

ನಕ್ಷತ್ರ ಹೇಳಿದ ಗಡುವು

ಈ ಸಿದ್ಧತೆಗೆ ಒಂದು ಗಡುವಿತ್ತು. ಮೇ ತಿಂಗಳ ಕೊನೆಯ ವಾರದಲ್ಲಿ ರೋಹಿಣಿ ಮಳೆ ನಕ್ಷತ್ರ ಹುಟ್ಟುತ್ತದೆ. ಜೂನ್ ಎರಡನೆಯ ವಾರಕ್ಕೆ ಮೃಗಶಿರ, ನಂತರ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಒಂದೊಂದು ಮಳೆಗೂ ಹದಿಮೂರು, ಹದಿನಾಲ್ಕು ದಿನ. ಯಾವ ಮಳೆಯೊಳಗೆ ಯಾವ ಕೆಲಸ ಮುಗಿಯಬೇಕೆಂಬುದು ಮನೆಯವರೆಲ್ಲರಿಗೂ ಗೊತ್ತಿತ್ತು. ರೋಹಿಣಿಯ ಮೊದಲೇ ಹೆಂಚು ಅಥವಾ ಹುಲ್ಲಿನ ಮಾಡು ಸರಿಯಾಗಬೇಕು. ಇರಚಲು ಬಡಿಯುವ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಬೇಕು. ಸೌದೆ ಒಡೆದು ಒಟ್ಟಬೇಕು. ದನಗಳ ಕಾಲಡಿಗೆ ಹಾಸಲು ಒಣ ದರಗು ಗುಡಿಸಿ ತರಬೇಕು. ಹಳ್ಳದ ಮೇಲಿನ ಮರದ ಸಂಕವನ್ನು ಊರವರು ಕೂಡಿ ಕಟ್ಟಿ ಮುಗಿಸಬೇಕು.

ಉಗ್ರಾಣದ ಕೆಲಸ ಹೆಂಗಸರದು. ಬಿಸಿಲು ಇರುವಾಗಲೇ ಹಲಸಿನ ಹಪ್ಪಳ, ಸಂಡಿಗೆ ಒಣಗಿ ಡಬ್ಬಿ ಸೇರಬೇಕು. ಮಾವಿನ ಮಿಡಿ ಮತ್ತು ಹಲಸಿನ ತೊಳೆ ಉಪ್ಪಿಗೆ ಬೀಳಬೇಕು. ಹುಣಸೆ, ಮೆಣಸು, ಬೆಲ್ಲ, ಉಪ್ಪು ಇವು ಆರಿದ್ರಾ ಮಳೆಯಲ್ಲಿ ಅಂಗಡಿಯಿಂದ ಬರುವ ವಸ್ತುಗಳಲ್ಲ. ಒಲೆಯ ಮೇಲಿನ ಅಟ್ಟಕ್ಕೆ ಸದಾ ಹೊಗೆ ತಾಗುತ್ತಿದ್ದುದರಿಂದ ಅಲ್ಲಿಟ್ಟ ಬೀಜಕ್ಕೆ ಹುಳ ಹಿಡಿಯುತ್ತಿರಲಿಲ್ಲ, ಪದಾರ್ಥಕ್ಕೆ ಬೂಷ್ಟು ಬರುತ್ತಿರಲಿಲ್ಲ. ರಾತ್ರಿ ಮಲಗುವ ಮುನ್ನ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುವುದು ನಿತ್ಯದ ಕೆಲಸ. ಬೆಂಕಿಕಡ್ಡಿ ತೇವ ಹಿಡಿದರೂ ಬೆಳಗಿನ ಬೆಂಕಿಗೆ ಚಿಂತೆಯಿಲ್ಲ.

ಮೈಮೇಲಿನ ಉಡುಪಿಗೂ ಇದೇ ಲೆಕ್ಕ. ಬಿದಿರಿನ ಸಲಾಕೆಗೆ ಎಲೆ ಹೊದಿಸಿದ ಗೊರಬು ಬಗ್ಗಿ ನಾಟಿ ಮಾಡುವವರ ತಲೆಯಿಂದ ಸೊಂಟದವರೆಗೆ ಕವಚವಾಗುತ್ತಿತ್ತು. ಎರಡೂ ಕೈ ಕೆಲಸಕ್ಕೆ ಬಿಡುವಾಗಿರುತ್ತಿದ್ದವು. ಕೊಡೆ ಹಿಡಿದು ಈ ಕೆಲಸ ಸಾಧ್ಯವಿಲ್ಲ. ಕಂಬಳಿ ಕೊಪ್ಪೆಯ ಗುಣವೂ ಹಾಗೆಯೇ: ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ.

ಬೆಳೆಯ ರಕ್ಷಣೆಯೂ ಗಡುವಿನ ಮಾತೇ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ರೈತರಿಗೆ ಪರಿಚಯಿಸಿದರು. ಈ ಔಷಧ ರೋಗ ತಡೆಯುತ್ತದೆಯೇ ಹೊರತು, ಕೊಳೆತ ಕಾಯನ್ನು ಮತ್ತೆ ಗಟ್ಟಿ ಮಾಡುವುದಿಲ್ಲ. ಆದ್ದರಿಂದ ಮೊದಲ ಸಿಂಪರಣೆ ಮಳೆ ಹಿಡಿಯುವ ಮೊದಲೇ ಆಗಬೇಕು. ಎಲ್ಲ ಮುನ್ನೆಚ್ಚರಿಕೆಯ ಸ್ವಭಾವವೂ ಇದೇ; ದಿನ ಮೀರಿದರೆ ಅದೇ ವಸ್ತು ಕೆಲಸಕ್ಕೆ ಬಾರದು.

ಎಲ್ಲರ ಅಟ್ಟವೂ ತುಂಬಿರಲಿಲ್ಲ

ಹಿಂದಿನದೆಲ್ಲ ಚೆನ್ನಾಗಿತ್ತೆಂದು ಹೇಳುವುದು ಸರಿಯಲ್ಲ. ತುಂಬಿದ ಅಟ್ಟ ಗದ್ದೆ ತೋಟ ಇದ್ದವರ ಮನೆಯದು. ಕೂಲಿ ಮಾಡುವವರ ಗುಡಿಸಲಿನಲ್ಲಿ ಆಷಾಢವೆಂದರೆ ಹಸಿವಿನ ತಿಂಗಳು. ಒಡೆಯರ ಮನೆಯಿಂದ ತಂದ ಭತ್ತವನ್ನು ಸುಗ್ಗಿಯಲ್ಲಿ ಬಡ್ಡಿ ಸೇರಿಸಿ ಅಳೆಯಬೇಕಿತ್ತು. ಕೆಸುವಿನ ಸೊಪ್ಪು, ಕಳಲೆ, ಅಣಬೆ ಅವರ ದಾಸ್ತಾನು. ಅದಕ್ಕೂ ತಿಳಿವಳಿಕೆ ಬೇಕು. ಕಳಲೆಯನ್ನು ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿಯೇ ತಿನ್ನಬೇಕು. ಹುಳಿ ಹಾಕದೆ ಬೇಯಿಸಿದ ಕೆಸು ಗಂಟಲು ತುರಿಸುತ್ತದೆ. ಅಣಬೆಯಲ್ಲಿ ವಿಷದ ಜಾತಿಗಳಿವೆ. ಹೆರಿಗೆಯ ನೋವು ತಿನ್ನುವ ಹೆಂಗಸನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಹಳ್ಳ ದಾಟಿಸಲಾಗದೆ ಕಳೆದುಕೊಂಡ ಮನೆಗಳೂ ಇದ್ದವು. ಅಟ್ಟ ಎಷ್ಟೇ ತುಂಬಿದರೂ ವೈದ್ಯರ ಕೊರತೆಯನ್ನು ಅದು ತುಂಬಲಾರದು. ರಸ್ತೆ ಮತ್ತು ಸೇತುವೆ ಬಂದದ್ದು ಈ ಜನಕ್ಕೆ ನಿಜವಾದ ಬಿಡುಗಡೆ.

ಆದರೆ ರಸ್ತೆ ಬಂದ ಮೇಲೆ ಅಟ್ಟ ಖಾಲಿಯಾಯಿತು. ಅಕ್ಕಿ ವಾರಕ್ಕೊಮ್ಮೆ, ಗ್ಯಾಸ್ ಸಿಲಿಂಡರು ತಿಂಗಳಿಗೊಮ್ಮೆ, ಬೆಳಕು ತಂತಿಯಲ್ಲಿ, ಮಾತು ಮೊಬೈಲಿನಲ್ಲಿ. ಎಲ್ಲವೂ ದಿನವೂ ಹೊರಗಿನಿಂದ ಬರುವ ವ್ಯವಸ್ಥೆಯಲ್ಲಿ ಒಂದು ಕಡೆ ಗುಡ್ಡ ಜಾರಿದರೆ ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದದ್ದು ಇದೇ. ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಮುಚ್ಚಿಹೋಯಿತು. ವಿದ್ಯುತ್ ಹೋಯಿತು, ವಿದ್ಯುತ್ತಿಲ್ಲದೆ ಮೊಬೈಲ್ ಗೋಪುರಗಳೂ ಮೂಕವಾದವು. 2019ರಲ್ಲಿ ಚಾರ್ಮಾಡಿ ಘಾಟಿ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಬಿತ್ತು. ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ನಿದ್ದೆಯಲ್ಲಿದ್ದಾಗಲೇ ಕೊಚ್ಚಿಹೋದವು.

ಗುಡ್ಡ ಹೇಳುವ ಮಾತು

ಮಳೆಯ ನೀರು ಇಂಗಿ ಮಣ್ಣಿನ ಭಾರ ಹೆಚ್ಚುತ್ತದೆ, ಕಣಗಳ ನಡುವಿನ ಬಿಗಿ ಸಡಿಲುತ್ತದೆ. ರಸ್ತೆಗೋ ಮನೆಗೋ ಇಳಿಜಾರಿನ ಬುಡ ಕಡಿದಿದ್ದರೆ ಮೇಲಿನದಕ್ಕೆ ಆಧಾರವೇ ಇರುವುದಿಲ್ಲ. ಕುಸಿಯುವ ಮುನ್ನ ಗುಡ್ಡ ಅನೇಕ ಸಲ ಸೂಚನೆ ಕೊಡುತ್ತದೆ. ಎಂದೂ ಇಲ್ಲದ ಜಾಗದಲ್ಲಿ ಜಲ ಒಡೆಯುವುದು, ನೆಲದಲ್ಲಿ ಅಥವಾ ಗೋಡೆಯಲ್ಲಿ ಹೊಸ ಬಿರುಕು, ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಇದ್ದಕ್ಕಿದ್ದಂತೆ ಸಿಕ್ಕಿಕೊಳ್ಳುವುದು, ಕಂಬ ಮತ್ತು ಮರಗಳು ವಾಲುವುದು, ಹಳ್ಳದ ನೀರು ಒಮ್ಮೆಲೇ ರಾಡಿಯಾಗುವುದು. ಎಲ್ಲಕ್ಕಿಂತ ಅಪಾಯದ ಸೂಚನೆಯೆಂದರೆ ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ಇಳಿಯುವುದು. ಮೇಲೆಲ್ಲೋ ಮಣ್ಣು, ಮರ ಬಿದ್ದು ನೀರು ಕಟ್ಟಿಕೊಂಡಿರಬಹುದು. ಆ ಕಟ್ಟೆ ಒಡೆದರೆ ಓಡಲು ಸಮಯವಿರದು. ಇವುಗಳಲ್ಲಿ ಒಂದು ಕಂಡರೂ ಸಾಮಾನು ಕಟ್ಟುತ್ತ ಕೂರದೆ, ಹಳ್ಳದ ಪಾತ್ರ ಬಿಟ್ಟು, ಇಳಿಜಾರಿನಿಂದ ದೂರ ಸರಿಯಬೇಕು. ಹವಾಮಾನ ಇಲಾಖೆಯ 'ರೆಡ್ ಅಲರ್ಟ್' ಅಂದರೆ ಸಾಮಾನ್ಯವಾಗಿ 24 ಗಂಟೆಯಲ್ಲಿ 204 ಮಿಲಿಮೀಟರಿಗೂ ಮಿಕ್ಕಿದ ಮಳೆಯ ಸಂಭವ. ಶಾಲೆಗೆ ರಜೆ ಸಿಗುವ ಸುದ್ದಿಯಂತೆ ಅದನ್ನು ಕೇಳಿ ಬಿಡುವುದು ತಪ್ಪು.

ಹಳೆಯ ಮನೆಯೊಡತಿ ಬೇಸಿಗೆಯಲ್ಲಿ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದುದು ಮೂರೇ ಪ್ರಶ್ನೆ: ಏನು ನಿಲ್ಲುತ್ತದೆ, ಎಷ್ಟು ದಿನ, ಆಗ ಯಾರು ಒದಗುತ್ತಾರೆ? ಅವೇ ಪ್ರಶ್ನೆಗಳಿಗೆ ಇಂದಿನ ಉತ್ತರ ಬೇರೆ. ಒಬ್ಬರಿಗೆ ದಿನಕ್ಕೆ ಮೂರು ನಾಲ್ಕು ಲೀಟರಿನಂತೆ ಕುಡಿಯುವ ನೀರು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು ಕನಿಷ್ಠ ಒಂದು ವಾರಕ್ಕೆ. ಟಾರ್ಚು, ಬ್ಯಾಟರಿಯಿಂದ ನಡೆಯುವ ರೇಡಿಯೊ, ಹೆಚ್ಚುವರಿ ಸೆಲ್ಲು. ಪಹಣಿ, ಪಡಿತರ ಚೀಟಿ, ಆಧಾರ್ ಪ್ರತಿಗಳು ನೀರು ಹೋಗದ ಲಕೋಟೆಯಲ್ಲಿ. ತುರ್ತು ಕರೆಗೆ 112 ಇದೆ, ಆದರೆ ಗೋಪುರ ಕೆಟ್ಟರೆ ಅದೂ ಇಲ್ಲ. ಆಗ ಸೀಟಿಯ ಸದ್ದೇ ಗತಿ. ಕಣಿವೆಯಿಂದ ಕಣಿವೆಗೆ 'ಕೂ' ಎಂದು ಕೂಗು ಹಾಕುತ್ತಿದ್ದವರು ಇದನ್ನು ಬಲ್ಲರು.

ಮೂರನೆಯ ಪ್ರಶ್ನೆಗೆ ಮಾತ್ರ ಯಾವ ಅಂಗಡಿಯಲ್ಲೂ ಉತ್ತರ ಸಿಗುವುದಿಲ್ಲ. ಸಂಕವನ್ನು ಒಂದು ಮನೆಯವರು ಕಟ್ಟುತ್ತಿರಲಿಲ್ಲ, ಜೋಲಿಯನ್ನು ಒಬ್ಬರೇ ಹೊರಲಾಗುತ್ತಿರಲಿಲ್ಲ. ಈಗಲೂ ಕೇರಿಯಲ್ಲಿ ಹಾಸಿಗೆ ಹಿಡಿದವರು ಯಾರು, ಒಂಟಿಯಾಗಿರುವ ಮುದುಕರು ಯಾರು, ಯಾರ ಮನೆ ಎತ್ತರದ ಗಟ್ಟಿ ನೆಲದಲ್ಲಿದೆ, ರಾತ್ರಿ ಹೊತ್ತು ಎಲ್ಲರೂ ಯಾವ ದಾರಿಯಲ್ಲಿ ಅಲ್ಲಿಗೆ ಹೋಗಬೇಕು ಎಂಬುದನ್ನು ಬಿಸಿಲಿರುವಾಗಲೇ ಕೂತು ಮಾತಾಡಿಕೊಳ್ಳಬೇಕು. ರೋಹಿಣಿ ಮಳೆ ಹುಟ್ಟುವ ಮೊದಲು ಒಂದು ಸಂಜೆ ಇದಕ್ಕೆ ಸಾಕು.