ಒಂದು ಗಾಲಿ ಗರಗರ, ಇನ್ನೊಂದು ಗಪ್‌ಚಿಪ್

ಪ್ರಶ್ನೆ: ಕೆಸರಿನಲ್ಲಿ ಸಿಕ್ಕ ಟ್ರ್ಯಾಕ್ಟರಿನ ಒಂದು ಗಾಲಿ ಮಾತ್ರ ತಿರುಗುವುದೇಕೆ? ಜೀಪುಗಳಲ್ಲೂ ಹೀಗೆಯೇ?
– ಓದುಗರೊಬ್ಬರು, ಚಿಕ್ಕೇರೂರು

ಉತ್ತರ: ಇದು ಡಿಫರೆನ್ಷಿಯಲ್‌ನ ಆಟ. ವಾಹನ ತಿರುವಿನಲ್ಲಿ ಹೋಗುವಾಗ ಹೊರಗಿನ ಗಾಲಿ ಹೆಚ್ಚು ದೂರ ಕ್ರಮಿಸಬೇಕು. ಗಾಲಿಗಳ ನಡುವೆ 1.5 ಮೀಟರ್ ಅಂತರವಿದ್ದರೆ, ಒಂದು ಪೂರ್ತಿ ಸುತ್ತಿಗೆ ಹೊರಗಾಲಿ ಸುಮಾರು 9.4 ಮೀಟರ್ ಹೆಚ್ಚು ಓಡುತ್ತದೆ. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಟೈರು ಉಜ್ಜಿ ಸವೆಯುತ್ತದೆ. ಅದಕ್ಕೇ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆ. ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ 1820ರ ದಶಕದಲ್ಲೇ ಇದನ್ನು ಉಗಿ ಬಂಡಿಗೆ ರೂಪಿಸಿದ್ದ.

ಡಾಂಬರು ರಸ್ತೆಗೆ ಈ ಸಾದಾ, ಅಂದರೆ ಓಪನ್ ಡಿಫರೆನ್ಷಿಯಲ್ ಸಾಕು. ಆದರೆ ಅದು ಎರಡೂ ಗಾಲಿಗೆ ಸಮನಾದ ತಿರುಚುಬಲ ಹಂಚುತ್ತದೆ. ಜಾರುವ ಗಾಲಿಗೆ ಬೇಕಾದದ್ದು ಅತ್ಯಲ್ಪ. ಹಿಡಿತವಿರುವ ಗಾಲಿಗೂ ಅಷ್ಟೇ ದಕ್ಕುತ್ತದೆ. ಎರೆಹೊಲದಲ್ಲಿ ಮಳೆ ಬಿದ್ದ ಮರುದಿನ ಟ್ರೇಲರ್ ಸಮೇತ ನಿಲ್ಲುವುದು ಹೀಗೆ.

ಪರಿಹಾರ ಚಾಲಕನ ಕಾಲಡಿಯಲ್ಲೇ ಇದೆ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಹಿಮ್ಮಡಿಯಿಂದ ಒತ್ತುವ, ಎರಡೂ ಗಾಲಿಗಳನ್ನು ಒಟ್ಟಿಗೇ ತಿರುಗುವಂತೆ ಬಿಗಿಯುವ ಡಿಫರೆನ್ಷಿಯಲ್ ಲಾಕ್ ಪೆಡಲ್ ಇರುತ್ತದೆ. ಗಾಲಿ ನಿಂತಾಗ ಒತ್ತಿ, ನೇರವಾಗಿ ಹೊರಬಂದು, ಬಿಟ್ಟುಬಿಡಬೇಕು. ಲಾಕ್ ಇದ್ದಾಗ ತಿರುಗಿಸಿದರೆ ಹಲ್ಲುಚಕ್ರಕ್ಕೆ ಪೆಟ್ಟು.

ಜೀಪುಗಳಲ್ಲಿ ಬಗೆ ಹಲವು. ಫೋರ್ಸ್ ಗೂರ್ಖಾದಲ್ಲಿ ಮುಂದೆ, ಹಿಂದೆ ಎರಡೂ ಕಡೆ ಚಾಲಕನೇ ಲಾಕ್ ಹಾಕಬಹುದು. ಮಹೀಂದ್ರಾ ಥಾರ್‌ನ ಕೆಲವು ಮಾದರಿಗಳಲ್ಲಿ ಹಿಂದಿನದು ತಾನಾಗಿ ಬೀಳುತ್ತದೆ. ಮಾರುತಿ ಜಿಮ್ನಿ ಜಾರುವ ಗಾಲಿಗೆ ಬ್ರೇಕ್ ಹಾಕಿ ಬಲವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಓಪನ್‌ಗೂ ಲಾಕ್‌ಗೂ ನಡುವಿನದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್: ಕ್ಲಚ್ ತಟ್ಟೆ ಅಥವಾ ವಿಶೇಷ ಗೇರುಗಳಿಂದ ಜಾರುವಿಕೆಗೆ ಕಡಿವಾಣ ಹಾಕುವ ಇದು, ಮಳೆಯ ರಸ್ತೆಗೂ ಮಣ್ಣಿನ ದಾರಿಗೂ ಒಗ್ಗುತ್ತದೆ.