ನಿಮಗಿದು ಗೊತ್ತೆ? ಯೋಧರು ಕಡಿದ ಕಡಲದಾರಿ

ಮೆಲ್ಬರ್ನ್ ನಗರದಿಂದ ಪ್ರಾತಃಕಾಲದಲ್ಲಿ ಹೊರಟು, ಮಾರ್ಗದರ್ಶಕನ ವಿವರಣೆಯನ್ನಾಲಿಸುತ್ತ, ಆಸ್ಟ್ರೇಲಿಯದ ದಕ್ಷಿಣ ತೀರವನ್ನು ಒಂದೇ ದಿನದಲ್ಲಿ ಕಂಡು ಮರಳುವ ಬಸ್ಸಿನ ಯಾತ್ರಿಕರು ಸಾಗುವ ‘ಗ್ರೇಟ್ ಓಷನ್ ರೋಡ್’ ಎಂಬ ರಮಣೀಯ ಮಾರ್ಗವು, ಮೊದಲನೆಯ ಮಹಾಯುದ್ಧದಿಂದ ಹಿಂದಿರುಗಿದ ಸುಮಾರು 3,000 ಸೈನಿಕರು, ರಣಾಂಗಣದಲ್ಲಿ ಮಡಿದ ತಮ್ಮ ಸಂಗಡಿಗರ ಸ್ಮರಣಾರ್ಥವಾಗಿ, 1919ರಿಂದ 1932ರವರೆಗೆ, ಬಹುಮಟ್ಟಿಗೆ ಗುದ್ದಲಿ ಪಿಕಾಸಿಗಳಿಂದಲೇ ಕಡಲಂಚಿನ ಬಂಡೆಗಳನ್ನು ಕಡಿದು ನಿರ್ಮಿಸಿದುದು. ಇದಕ್ಕಿಂತ ಉದಾತ್ತವಾದ ಯುದ್ಧಸ್ಮಾರಕವನ್ನು ಕಲ್ಪಿಸುವುದು ಕಷ್ಟ.

ಈ ದಾರಿಯಲ್ಲಿ ಕಾಣುವ ‘ಟ್ವೆಲ್ವ್ ಅಪಾಸಲ್ಸ್’ ಎಂಬ ಸುಣ್ಣಕಲ್ಲಿನ ಸ್ತಂಭಗಳು, ತರಂಗಾಘಾತದಿಂದ ಭೂಶಿರವು ಗುಹೆಯಾಗಿ, ಗುಹೆಯು ಕಮಾನಾಗಿ, ಆ ಕಮಾನೂ ಕುಸಿದ ಮೇಲೆ ಉಳಿದವು. ಸಮೀಪದ ‘ಲಂಡನ್ ಬ್ರಿಜ್’ ಎಂಬ ನೈಸರ್ಗಿಕ ಶಿಲಾಸೇತುವಿನ ದಡದ ಕಡೆಯ ಕಮಾನು 1990ರ ಜನವರಿಯಲ್ಲಿ ಹೀಗೆಯೇ ಕುಸಿಯಲು, ಆಚೆ ಸಿಲುಕಿದ ಇಬ್ಬರು ಪ್ರವಾಸಿಗಳನ್ನು ಹೆಲಿಕಾಪ್ಟರಿನಿಂದ ಕರೆತರಬೇಕಾಯಿತು.